ನಾಯಿಗೆ ಹತ್ತು ನಿಮಿಷದ ರಕ್ತ ಪರೀಕ್ಷೆ ಮಾಡಿಸುವ ಮುನ್ನ ಇದನ್ನು ಓದಿ

ಮನೆಗೇ ಬಂದು ನಾಯಿಯ ರಕ್ತ ತೆಗೆದು ಹತ್ತು ನಿಮಿಷದಲ್ಲಿ ರೋಗ ಹೇಳುತ್ತೇವೆ ಎನ್ನುವವರನ್ನು ನಾನು ಕರೆದೆ. 3,800 ರೂಪಾಯಿ ಕೊಟ್ಟೆ. ಒಂಬತ್ತು ದಿನ ಬೇರೆ ಯಾವುದೋ ರೋಗದ ಮಾತ್ರೆ ನುಂಗಿಸಿದೆ. ನನ್ನ ಕೈಯಾರೆ ನುಂಗಿಸಿದೆ, ಅದನ್ನೇ ಮರೆಯಲಾಗುತ್ತಿಲ್ಲ.

ಗೌರಿ ನಮ್ಮ ವಿಜಯನಗರದ ಬೀದಿಯಲ್ಲೇ ಹುಟ್ಟಿ ನಮ್ಮ ಮನೆ ಸೇರಿದವಳು, ಆರು ವರ್ಷ. ಮಳೆ ಶುರುವಾದ ಮೇಲೆ ಕಿವಿಯೊಳಗಿಂದ, ಬೆರಳ ಸಂದಿಯಿಂದ ದಿನವೂ ಉಣ್ಣೆ ಕೀಳುತ್ತಿದ್ದೆ. ಒಂದು ದಿನ ಊಟ ಬಿಟ್ಟಳು, ಜ್ವರ 104 ಡಿಗ್ರಿ. ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ ಎಂದು ನನಗೇ ಅನ್ನಿಸಿತು. ಯಾವಾಗಲೂ ನೋಡುವ ವೈದ್ಯರು ಊರಲ್ಲಿರಲಿಲ್ಲ.

ಬಂದ ಹುಡುಗ ಮುಂಗಾಲಿನಿಂದ ರಕ್ತ ತೆಗೆದು ಕಿಟ್‌ಗೆ ಹನಿಸಿದ. ‘ರಕ್ತದಲ್ಲಿರುವ ಎಲ್ಲ ಪರಾವಲಂಬಿಗಳೂ ಇದರಲ್ಲಿ ಗೊತ್ತಾಗುತ್ತವೆ ಮೇಡಂ’ ಎಂದ. ಎಲ್ಲ, ಎಂದೇ ಹೇಳಿದ. ಎರ್ಲಿಕಿಯಾ ಎಂಬಲ್ಲಿ ಗೆರೆ ಮೂಡಿತು, ಅದು ಉಣ್ಣೆಯಿಂದ ಹರಡುವ ಒಂದು ಬ್ಯಾಕ್ಟೀರಿಯಾ. ಹೋದ ವರ್ಷವೂ ಇದೇ ರೋಗ ಬಂದಿತ್ತು, 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟು ವಾಸಿಯಾಗಿತ್ತು ಎಂದು ನಾನು ಹೇಳಿದೆ. ಹೇಳಿದ್ದೆ! ‘ಹಾಗಾದರೆ ಮರುಕಳಿಸಿದೆ’ ಎಂದ. ಅವರ ವೈದ್ಯರು ಫೋನಿನಲ್ಲೇ ಮತ್ತೆ ಅದೇ ಮಾತ್ರೆ ಬರೆದರು. ರಕ್ತಕಣಗಳ ಎಣಿಕೆ ಮಾಡಿಸಬೇಕೇ ಎಂದು ಕೇಳಿದ್ದಕ್ಕೆ, ‘ಗೆರೆ ಬಂದ ಮೇಲೆ ಸುಮ್ಮನೆ ಯಾಕೆ ಖರ್ಚು?’ ಎಂದರು. ನನ್ನ ಖರ್ಚಿನ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡು ಧನ್ಯವಾದ ಹೇಳಿದೆ.

ಒಂಬತ್ತನೆಯ ದಿನ ಗೌರಿಯ ವಸಡು ಬಿಳಿಚಿಕೊಂಡಿತ್ತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಅವಳನ್ನು ಎತ್ತಿಕೊಂಡು ಆಟೊದಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಿದೆ. ಅಲ್ಲಿ ಕಿವಿಯಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಂಪು ರಕ್ತಕಣಗಳ ಒಳಗೇ ಬೇಬಿಸಿಯಾ ಕುಳಿತಿತ್ತು, ಉಣ್ಣೆಯಿಂದಲೇ ಹರಡುವ ಇನ್ನೊಂದು ಪರಾವಲಂಬಿ. ಹಿಮೋಗ್ಲೋಬಿನ್ 4.9. ನಾಯಿಗೆ 12ಕ್ಕಿಂತ ಮೇಲಿರಬೇಕು.

ನಾನು ಮೊಬೈಲ್‌ನಲ್ಲಿದ್ದ ಕಿಟ್‌ನ ಫೋಟೊ ತೋರಿಸಿದೆ. ವೈದ್ಯೆ ಅದನ್ನು ಹಿಗ್ಗಿಸಿ ನೋಡಿ ಕೇಳಿದರು: ‘ಇದರಲ್ಲಿ ಬೇಬಿಸಿಯಾ ಎಲ್ಲಿದೆಯಮ್ಮಾ?’

ಇರಲಿಲ್ಲ. ಹೃದಯದ ಹುಳು, ಎರ್ಲಿಕಿಯಾ, ಅನಾಪ್ಲಾಸ್ಮಾ, ಲೈಮ್. ನಾಲ್ಕೇ. ಒಂಬತ್ತು ದಿನದಿಂದ ಆ ಫೋಟೊ ನನ್ನ ಬಳಿಯೇ ಇತ್ತು, ಹತ್ತು ಸಲ ನೋಡಿದ್ದೆ, ಗೆರೆಯನ್ನು ಮಾತ್ರ ನೋಡಿದ್ದೆ. ಪಕ್ಕದಲ್ಲಿ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ತಲೆ ಎತ್ತಲಾಗಲಿಲ್ಲ.

ಆ ಗೆರೆಯ ಅರ್ಥವನ್ನೂ ಅವರೇ ಹೇಳಿದರು. ಎರ್ಲಿಕಿಯಾಗೆ ಆ ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ರೋಗ ವಾಸಿಯಾದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷ ದಾಟಿಯೂ ಉಳಿಯುತ್ತದೆ. ಹಾಗಾಗಿ ಗೌರಿಗೆ ಬಂದದ್ದು ಹೋದ ವರ್ಷದ ಗೆರೆ ಇರಬಹುದು. ಸೋಂಕು ತಗಲಿದ ಮೊದಲ ದಿನಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರದೆ ಗೆರೆ ಬಾರದಿರುವುದೂ ಉಂಟು. ಬೇಬಿಸಿಯಾಕ್ಕಂತೂ ಔಷಧವೇ ಬೇರೆ, ಡಾಕ್ಸಿಸೈಕ್ಲಿನ್ ಒಂದರಿಂದಲೇ ಅದು ಹೋಗುವುದಿಲ್ಲ. ಕಿಟ್ ಕೆಟ್ಟದ್ದಲ್ಲ, ರಕ್ತಕಣಗಳ ಎಣಿಕೆ ಮತ್ತು ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ನೋಡುವುದು) ಜೊತೆಗೆ ನಾವೂ ಬಳಸುತ್ತೇವೆ ಎಂದರು ವೈದ್ಯೆ. ಅವರ ಮಾತು ಸರಿ. ನನಗೆ ಮೋಸ ಮಾಡಿದ್ದು ಕಿಟ್ ಅಲ್ಲ.

ಆ ಸಂಜೆಯೇ ಕಿಟ್ ತಂದಿದ್ದವರಿಗೆ ವಾಟ್ಸ್ಆ್ಯಪ್ ಮಾಡಿದೆ. ಬಂದ ಉತ್ತರಗಳು: ‘ನಮ್ಮ ಕಿಟ್ ಸುಳ್ಳು ಹೇಳುವುದಿಲ್ಲ.’ ಎಲ್ಲ ಪರಾವಲಂಬಿಗಳೂ ಎಂದಿದ್ದಿರಲ್ಲ ಎಂದೆ. ‘ಎಲ್ಲ ಎಂದರೆ ಪ್ಯಾಕೇಜಿನಲ್ಲಿರುವ ಎಲ್ಲ.’ ವಾಸಿಯಾದದ್ದನ್ನು ಹೇಳಿದ್ದೆನಲ್ಲ ಎಂದೆ. ‘ನೀವು ಉಣ್ಣೆ ಬರದಂತೆ ನೋಡಿಕೊಳ್ಳಬೇಕಿತ್ತು ಮೇಡಂ.’ ಇದನ್ನು ಓದಿದಾಗ ಅತ್ತುಬಿಟ್ಟೆ. ಹಣ ಕೇಳಿದೆ. ‘ಬೇಕಿದ್ದರೆ ಮುಂದಿನ ಪರೀಕ್ಷೆಗೆ ಶೇ 20 ರಿಯಾಯಿತಿ ಕೊಡುತ್ತೇವೆ.’ ಗೌರಿ ರಕ್ತ ಹಾಕಿಸಿಕೊಂಡು ಮಲಗಿದ್ದಾಗ ಬಂದ ಉತ್ತರ ಇದು. ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದರು.

ಕಿಟ್ ಹಿಡಿದು ಯಾರೇ ಬಂದರೂ ರಕ್ತ ತೆಗೆಯುವ ಮೊದಲೇ ಕೇಳಿ: ಯಾವ ಯಾವ ರೋಗ, ಬೇಬಿಸಿಯಾ ಇದೆಯೇ, ಹುಡುಕುವುದು ಪ್ರತಿಕಾಯವನ್ನೋ ರೋಗಾಣುವನ್ನೋ. ರಕ್ತಕಣಗಳ ಎಣಿಕೆ, ಸ್ಮಿಯರ್ ಬೇಡ ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ. ವಸಡಿನ ಬಣ್ಣ ದಿನವೂ ನೋಡಿ. ಒಂಬತ್ತು ದಿನ ಕಾಯಬೇಡಿ, ನಾನು ಕಾದಂತೆ.

ಪಕ್ಕದ ಬೀದಿಯವರ ಲ್ಯಾಬ್ರಡಾರ್ ರಕ್ತ ಕೊಟ್ಟಿತು. ಬೇಬಿಸಿಯಾಕ್ಕೆ ಅಟೊವಕ್ವೋನ್, ಅಜಿತ್ರೊಮೈಸಿನ್ ಔಷಧ ನಡೆಯುತ್ತಿದೆ, ಇನ್ನೂ ನಾಲ್ಕು ದಿನ ಬಾಕಿ. ನಿನ್ನೆ ಎರಡು ತುತ್ತು ಮೊಸರನ್ನ ತಿಂದಳು. ಶನಿವಾರ ಮತ್ತೆ ರಕ್ತದ ಎಣಿಕೆ ಇದೆ.