ಮುಚ್ಚಿದ ಕಂಪನಿಯ ಬೈಕು, ಮಲಗಿದ್ದ ಬ್ಯಾಟರಿ: ಕೇಕ್ ಕಾಲ್ಕ್ ಜೊತೆ 14 ತಿಂಗಳು

ನಾನಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. 2024ರ ಅಕ್ಟೋಬರ್‌ನಲ್ಲಿ ಕೇಕ್ ಅನ್ನುವ ಕಂಪನಿಯ ಒಂದು ಹಳೆಯ ಕಾಲ್ಕ್ ಓಆರ್ ಕೊಂಡೆ. ಎಲೆಕ್ಟ್ರಿಕ್ ಡರ್ಟ್ ಬೈಕು; ಓಆರ್ ಅಂದರೆ ಆಫ್-ರೋಡ್, ರಸ್ತೆ ಬಿಟ್ಟು ಮಣ್ಣಿನಲ್ಲಿ ಓಡಿಸುವುದು. ಚಾರ್ಜ್ ಆಗುವುದಿಲ್ಲ ಅಂತ ಮಾರಿದವರೇ ಹೇಳಿದ್ದರು, ಏನೂ ಮುಚ್ಚಿಡಲಿಲ್ಲ. 22 ಸಾವಿರ ಸ್ವೀಡಿಷ್ ಕ್ರೋನಾ ಕೊಟ್ಟೆ. ಇದೇ ಬೈಕು ಹೊಸದಾಗಿದ್ದಾಗ ಅಮೆರಿಕದಲ್ಲಿ 13 ಸಾವಿರ ಡಾಲರ್‌ಗೆ ಮಾರಾಟವಾಗುತ್ತಿತ್ತು. ಅದನ್ನು ನೆನೆದರೆ ಇದು ತೀರಾ ಕಡಿಮೆ.

ಕಡಿಮೆ ಯಾಕೆ ಅಂದರೆ, ಕಂಪನಿಯೇ ಬಿದ್ದುಹೋಗಿತ್ತು. ಕೇಕ್ ಶುರುವಾಗಿದ್ದು 2016ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಪೋಕ್ ಹೆಲ್ಮೆಟ್ ಕಂಪನಿ ಕಟ್ಟಿದ್ದ ಸ್ಟೆಫಾನ್ ಯೂಟರ್‌ಬೋರ್ನ್ ಇದನ್ನೂ ಕಟ್ಟಿದರು. 2018ರಲ್ಲಿ ಬಂದ ಕಾಲ್ಕ್ ಅವರ ಮೊದಲ ಬೈಕು. 2024ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿಯಾಯಿತು. ಅದೇ ವರ್ಷ ನಾರ್ವೆಯವರು ಅದನ್ನು ಕೊಂಡು ಮತ್ತೆ ನಡೆಸಲು ಹೊರಟರು. ಆದರೆ ದಿವಾಳಿ ಸುದ್ದಿ ಬಂದ ಮೇಲೆ ಚಾರ್ಜ್ ಆಗದ ಕಾಲ್ಕ್ ಅಂದರೆ ಜನ ಹತ್ತಿರ ಬರುತ್ತಿರಲಿಲ್ಲ. ನಾನು ಹೋದೆ. ಆ ಬೈಕಿನ ಮೇಲೆ ಮೊದಲಿನಿಂದಲೂ ಆಸೆ ಇತ್ತು.

ಇನ್ನೊಂದು ಕಾರಣವೂ ಇದೆ. ನಮ್ಮ ಮನೆ ಮೈಸೂರಿನಲ್ಲಿ. ಅಪ್ಪನ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇದೆ. ಅದನ್ನು ಮಾಡಿದ ಐಡಿಯಲ್ ಜಾವಾ ಕಾರ್ಖಾನೆ ನಮ್ಮೂರಿನದೇ, 1996ರಲ್ಲಿ ಮುಚ್ಚಿತು. ಗಾಡಿ ಇವತ್ತಿಗೂ ಓಡುತ್ತದೆ. ಕಂಪನಿ ಮುಚ್ಚಿದ ಮಾತ್ರಕ್ಕೆ ಗಾಡಿ ಯಾಕೆ ನಿಲ್ಲಬೇಕು ಅನ್ನುವುದು ನಾನು ಚಿಕ್ಕಂದಿನಿಂದ ಮನೆಯಲ್ಲಿ ನೋಡಿಕೊಂಡು ಬಂದ ವಿಷಯ.

ಆದರೆ ಎಲೆಕ್ಟ್ರಿಕ್ ಬೈಕಿನ ವಿಷಯ ಸ್ವಲ್ಪ ಬೇರೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹಿಂದಿನ ಮಾಲೀಕರು ಬೈಕನ್ನು ತಮ್ಮ ಬೇಸಿಗೆ ಮನೆಯ ಶೆಡ್ಡಿನಲ್ಲಿ ಇಟ್ಟಿದ್ದರು. 2023ರ ಶರತ್ಕಾಲದಲ್ಲಿ ಕೊನೆಯ ಸಲ ಓಡಿಸಿ, ಬ್ಯಾಟರಿ ಹೆಚ್ಚುಕಮ್ಮಿ ಖಾಲಿಯಾಗಿದ್ದಾಗಲೇ ನಿಲ್ಲಿಸಿಬಿಟ್ಟರು. ಆಮೇಲೆ ಒಂದು ವರ್ಷ ಯಾರೂ ಮುಟ್ಟಿಲ್ಲ. ಲಿಥಿಯಂ ಬ್ಯಾಟರಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಸುಮ್ನೆ ಇಟ್ಟರೂ ಅದು ನಿಧಾನವಾಗಿ ಇಳಿಯುತ್ತದೆ. ಒಳಗೆ ಸೆಲ್‌ಗಳನ್ನು ಕಾಯುವ ಬಿಎಂಎಸ್ ಅನ್ನುವ ಸರ್ಕ್ಯೂಟ್ ಕೂಡ ಅದೇ ಬ್ಯಾಟರಿಯಿಂದ ಚೂರುಚೂರೇ ಕರೆಂಟ್ ಕುಡಿಯುತ್ತಿರುತ್ತದೆ. ತುಂಬಾ ಇಳಿದಾಗ ಬಿಎಂಎಸ್ ಹೊರಗಿನ ಬಾಗಿಲು ಮುಚ್ಚಿ ಮಲಗಿಬಿಡುತ್ತದೆ.

ಬ್ಯಾಟರಿ ಬಿಚ್ಚಿ ಮನೆಗೆ ತಂದೆ. 17 ಕೆಜಿ ಹತ್ತಿರ ತೂಗುತ್ತದೆ. ನಮ್ಮೂರಿನ ಖಾಲಿ ಗ್ಯಾಸ್ ಸಿಲಿಂಡರಿಗಿಂತ ಸ್ವಲ್ಪ ಜಾಸ್ತಿ. ಚಾರ್ಜರ್ ಜೋಡಿಸಿದೆ. ಹಸಿರು ದೀಪ ಬಂತು, ಹಸಿರಾಗಿಯೇ ಉಳಿಯಿತು. ಫ್ಯಾನ್ ತಿರುಗಲಿಲ್ಲ. ಒಂದು ಗಂಟೆ ಬಿಟ್ಟು ನೋಡಿದೆ. ಅದೇ ಹಸಿರು.

ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯ ಬಾಯಲ್ಲಿ ಸೊನ್ನೆ ವೋಲ್ಟ್. ಚಾರ್ಜರಿನ ಬಾಯಲ್ಲೂ ಸೊನ್ನೆ. ಎರಡೂ ಸತ್ತಿವೆ ಅಂತ ಆ ಕ್ಷಣಕ್ಕೆ ಎದೆ ಧಸಕ್ ಅಂದಿತು. ಆದರೆ ಎರಡು ಸೊನ್ನೆಗೂ ಅರ್ಥ ಅದಲ್ಲ. ಇಂಥ ಚಾರ್ಜರ್ ಎದುರಿಗೆ ಬ್ಯಾಟರಿ ಇದೆ ಅಂತ ಗೊತ್ತಾಗುವವರೆಗೆ ಕರೆಂಟ್ ಬಿಡುವುದಿಲ್ಲ. ಮಲಗಿದ ಬ್ಯಾಟರಿ ಚಾರ್ಜರ್ ಎಬ್ಬಿಸುವವರೆಗೆ ತಾನಿದ್ದೇನೆ ಅಂತ ಹೇಳುವುದಿಲ್ಲ. ನೀನು ಮೊದಲು ಮಾತಾಡು ಅಂತ ಇದು, ನೀನೇ ಮಾತಾಡು ಅಂತ ಅದು. ಹಾಗೇ ವರ್ಷಗಟ್ಟಲೆ ಕೂತಿರಬಲ್ಲವು.

ಹಳೆಯ ಕಂಪನಿ ಇದ್ದಿದ್ದರೆ ಅವರ ಸರ್ವಿಸ್‌ನವರು ಲ್ಯಾಪ್‌ಟಾಪ್ ಜೋಡಿಸಿ ನೋಡುತ್ತಿದ್ದರೇನೋ. ನಾನು ಫೋನ್ ಮಾಡಿದ ಒಂದು ಬೈಕ್ ಅಂಗಡಿಯವರು ವಿಷಯ ಕೇಳಿ, ಬ್ಯಾಟರಿಯನ್ನು ಗುಜರಿ ಕೇಂದ್ರಕ್ಕೆ ಕೊಡಿ ಅಂದರು. ನೋಡದೆಯೇ ಹೇಳಿದರು. ತುಂಬಾ ಬೇಜಾರಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಕಾಲ್ಕ್ ಬ್ಯಾಟರಿ 51.8 ವೋಲ್ಟ್, 50 ಆಂಪಿಯರ್ ಅವರ್. ಗುಣಿಸಿದರೆ ಹತ್ತಿರ ಹತ್ತಿರ 2.6 ಯೂನಿಟ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಒಂದು ಸೆಲ್ಲಿಗೆ 3.7 ವೋಲ್ಟ್ ಅಂತ ಹಿಡಿದರೆ ಸಾಲಾಗಿ 14 ಸೆಲ್‌ಗಳು. ಪೂರ್ತಿ ತುಂಬಿದಾಗ ಸೆಲ್ಲಿಗೆ 4.2, ಒಟ್ಟು 58.8 ವೋಲ್ಟ್. ಸೆಲ್ಲಿಗೆ 3 ವೋಲ್ಟ್, ಅಂದರೆ ಒಟ್ಟು 42ಕ್ಕೆ ಬಂದರೆ ಖಾಲಿ ಅಂತ ಲೆಕ್ಕ. ನಿಜವಾದ ಗೆರೆ ಅದಕ್ಕಿಂತ ಕೆಳಗಿದೆ. ಸೆಲ್ಲು 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಮಾಡಿದಾಗ ಆ ತಾಮ್ರ ಮತ್ತೆ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗಬಹುದು. ಅಂಥ ಬ್ಯಾಟರಿಯನ್ನು ಎಬ್ಬಿಸಲೇಬಾರದು. ಹಾಗಾಗಿ ಸೆಲ್‌ಗಳು ನಿಜಕ್ಕೂ ಎಷ್ಟಕ್ಕೆ ಇಳಿದಿವೆ ಅನ್ನುವುದು ಮೊದಲು ಗೊತ್ತಾಗಬೇಕಿತ್ತು.

ಪೆಟ್ಟಿಗೆಯನ್ನು ನಾನೇ ಬಿಚ್ಚಲಿಲ್ಲ. ಎಲೆಕ್ಟ್ರಿಕ್ ಸೈಕಲ್ ಬ್ಯಾಟರಿಗಳನ್ನು ರಿಪೇರಿ ಮಾಡುವ ಒಬ್ಬರ ಹತ್ತಿರ ಒಯ್ದೆ. ಅವರು ಮುಚ್ಚಳ ತೆಗೆದು, ಸೆಲ್‌ಗಳ ಸಾಲಿಗೆ ಹೋಗುವ ಸಣ್ಣ ವೈರ್‌ಗಳ ಮೇಲೆ ಒಂದೊಂದಾಗಿ ಮೀಟರ್ ಇಟ್ಟರು. ಒಟ್ಟು 38.9 ವೋಲ್ಟ್. ಅತಿ ಕಡಿಮೆ ಇದ್ದ ಸೆಲ್ಲು 2.71, ಅತಿ ಜಾಸ್ತಿ ಇದ್ದದ್ದು 2.82. ಅವರು ತಲೆ ಎತ್ತಿ ನಕ್ಕರು. ಹದಿನಾಲ್ಕೂ ಒಟ್ಟಿಗೇ ಇಳಿದಿದ್ದವು, ಒಂದೂ ಗೆರೆ ದಾಟಿರಲಿಲ್ಲ. ಒಂದೇ ಒಂದು ಸೆಲ್ಲು ಬೇರೆಯವಕ್ಕಿಂತ ತುಂಬಾ ಕೆಳಗಿದ್ದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲೆ ಬೆಂಚ್ ಪವರ್ ಸಪ್ಲೈ, ಅಂದರೆ ಕರೆಂಟನ್ನು ಬೇಕಾದಷ್ಟೇ ಬಿಡುವ ಪೆಟ್ಟಿಗೆಯಿಂದ ಬರೀ 1 ಆಂಪಿಯರ್ ಬಿಟ್ಟರು. 50 ಆಂಪಿಯರ್ ಅವರ್ ಬ್ಯಾಟರಿಗೆ ಅದು ತೊಟ್ಟು ತೊಟ್ಟಾಗಿ ನೀರು ಕುಡಿಸಿದ ಹಾಗೆ. ಇಷ್ಟು ಹಸಿದ ಸೆಲ್ಲಿಗೆ ಒಮ್ಮೆಲೇ ಜೋರಾಗಿ ತುಂಬಿಸಬಾರದು. ಕೈಯಿಟ್ಟು ಬಿಸಿ ನೋಡುತ್ತಾ, ಪ್ರತಿ ಹತ್ತು ನಿಮಿಷಕ್ಕೆ ಸೆಲ್ ವೋಲ್ಟೇಜ್ ಬರೆದುಕೊಳ್ಳುತ್ತಾ ಒಂದೂವರೆ ಗಂಟೆ ಕೂತೆವು. 42 ದಾಟಿತು. ಸ್ವಲ್ಪ ಹೊತ್ತಿಗೆ ಬ್ಯಾಟರಿಯ ಬಾಯಲ್ಲಿ ವೋಲ್ಟೇಜ್ ಕಾಣಿಸಿತು. ಬಿಎಂಎಸ್ ಎದ್ದಿತ್ತು.

ಯೂಟ್ಯೂಬಿನಲ್ಲಿ ಇನ್ನೊಂದು ದಾರಿ ತೋರಿಸುತ್ತಾರೆ. ತುಂಬಿದ ಬೇರೊಂದು ಬ್ಯಾಟರಿಯ ವೈರನ್ನು ನೇರವಾಗಿ ಇದಕ್ಕೆ ತಾಗಿಸಿ ಎಬ್ಬಿಸುವುದು. ದಯವಿಟ್ಟು ಮಾಡಬೇಡಿ. ಎರಡರ ನಡುವೆ 15, 20 ವೋಲ್ಟ್ ವ್ಯತ್ಯಾಸ ಇದ್ದರೆ ಎಷ್ಟು ಕರೆಂಟ್ ನುಗ್ಗುತ್ತದೆ ಅಂತ ಯಾರೂ ಹೇಳಲಾರರು. ವೈರ್ ಕರಗಬಹುದು, ಬೆಂಕಿಯೇ ಹತ್ತಬಹುದು.

ಖುಷಿಯಿಂದ ಮನೆಗೆ ತಂದು ಚಾರ್ಜರ್ ಜೋಡಿಸಿದೆ. ಮತ್ತೆ ಅದೇ ಹಸಿರು ದೀಪ.

ಅವತ್ತು ಭಾನುವಾರ, ಅಪ್ಪನಿಗೆ ಫೋನ್ ಮಾಡುವ ದಿನ. ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡು, "ಪಾಯಿಂಟ್ ಉಜ್ಜಿ ನೋಡ್ದ್ಯಾ?" ಅಂದರು. ಯೆಜ್ಡಿಯಂಥ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಕಿಡಿ ಹಾರಿಸಲು ಕೂಡಿ ಬಿಡುವ ಪುಟ್ಟ ಲೋಹದ ಜೋಡಿ ಅದು. "ಅಪ್ಪಾ, ಇದ್ರಲ್ಲಿ ಪಾಯಿಂಟ್ ಸೆಟ್ ಇರಲ್ಲ" ಅಂದೆ. "ಪಾಯಿಂಟ್ ಇಲ್ದಿದ್ರೆ ಬೇಡ ಕಣೋ. ಲೋಹಕ್ಕೆ ಲೋಹ ತಾಗೋ ಜಾಗ ಇರ್ಲೇಬೇಕಲ್ಲ. ಅಲ್ಲಿ ಕಿಲುಬು ಕಟ್ಟಿರತ್ತೆ ನೋಡು."

ಟಾರ್ಚ್ ಹಿಡಿದು ಬ್ಯಾಟರಿಯ ಕನೆಕ್ಟರ್ ಒಳಗೆ ನೋಡಿದೆ. ದಪ್ಪ ಪಿನ್ನುಗಳು ಫಳಫಳ ಅನ್ನುತ್ತಿದ್ದವು. ಪಕ್ಕದ ಸಣ್ಣ ಪಿನ್ನುಗಳಲ್ಲಿ ಒಂದರ ಬುಡದಲ್ಲಿ ಹಸಿರು ಪುಡಿ. ದಪ್ಪ ಪಿನ್ನಿನಲ್ಲಿ ಕರೆಂಟ್ ಹರಿಯುತ್ತದೆ, ಸಣ್ಣ ಪಿನ್ನಿನಲ್ಲಿ ಮಾತು. ಆ ಮಾತೇ ನಿಂತುಹೋಗಿತ್ತು. ಶೆಡ್ಡಿನ ತೇವ ಒಂದು ವರ್ಷ ಅಲ್ಲಿ ಕೂತಿತ್ತು.

ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಮೆತ್ತನೆಯ ಹಲ್ಲುಜ್ಜುವ ಬ್ರಷ್. ಮೂರು ಸಲ ಉಜ್ಜಿದೆ. ಎದುರಿನ ಚಾರ್ಜರ್ ಪ್ಲಗ್ಗಿನಲ್ಲಿ ಅದೇ ಪಿನ್ನಿನ ಗೂಡು ಸಡಿಲವಾಗಿತ್ತು. ಬ್ಯಾಟರಿ ರಿಪೇರಿಯವರು ಮಾರನೆಯ ದಿನ ಅದನ್ನು ಬದಲಿಸಿ ಕೊಟ್ಟರು. ಪ್ಲಗ್ ಹಾಕಿದೆ. ಟಕ್ ಅಂತ ಒಂದು ಸಣ್ಣ ಸದ್ದು. ಆಮೇಲೆ ಚಾರ್ಜರಿನ ಫ್ಯಾನ್ ತಿರುಗಿತು. ಆ ಫ್ಯಾನಿನ ಸದ್ದು ಕೇಳಿ ನನಗಾದ ಸಂತೋಷ ಹೇಳತೀರದು. ಹೆಂಡತಿಯನ್ನು ಕರೆದು ಕೇಳಿಸಿದೆ, ಅಪ್ಪನಿಗೆ ವಿಡಿಯೋ ಕಳಿಸಿದೆ.

ರಿಪೇರಿಗೆ ಒಟ್ಟು 3,500 ಕ್ರೋನಾ ಆಯಿತು. ಹೊಸ ಬ್ಯಾಟರಿ ಆ ಹೊತ್ತಿಗೆ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಮೊದಲ ಚಾರ್ಜನ್ನು ಅಂಗಳದ ಕಾಂಕ್ರೀಟ್ ಮೇಲೆ, ಹಗಲಿನಲ್ಲಿ, ಪಕ್ಕದಲ್ಲೇ ಕೂತು ಮಾಡಿದೆ. ಕೊನೆಯಲ್ಲಿ ತುಂಬಾ ಹೊತ್ತು ಹಿಡಿಯಿತು, ಸೆಲ್‌ಗಳು ಒಂದಕ್ಕೊಂದು ಸಮ ಆಗಬೇಕಲ್ಲ. ಅವಸರ ಮಾಡಲಿಲ್ಲ. ಮುಂದಿನ ಎರಡು ವಾರದಲ್ಲಿ ಮೂರು ಸಲ ಪೂರ್ತಿ ಓಡಿಸಿ ಪೂರ್ತಿ ತುಂಬಿಸಿದೆ. ಗೋಡೆಯ ಪ್ಲಗ್ಗಿಗೆ ಯೂನಿಟ್ ಮೀಟರ್ ಹಾಕಿ ಅಳೆದರೆ ಸೊನ್ನೆಯಿಂದ ತುಂಬಲು 2.5 ಯೂನಿಟ್ ಎಳೆಯಿತು. ಚಾರ್ಜರಿನಲ್ಲಿ ಹತ್ತರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆ ಅಂತ ಹಿಡಿದರೆ ಬ್ಯಾಟರಿಗೆ ಸೇರಿದ್ದು ಸುಮಾರು 2.25. ಹೊಸದರ 87 ಶೇಕಡದ ಹತ್ತಿರ. 14 ತಿಂಗಳಾದ ಮೇಲೆ ಕಳೆದ ವಾರ ಮತ್ತೆ ಅಳೆದೆ. 2.4 ಯೂನಿಟ್ ಎಳೆಯಿತು. ಸ್ವಲ್ಪ ಇಳಿದಿದೆ, ಗಾಬರಿ ಆಗುವಷ್ಟಲ್ಲ.

ಇನ್ನು ಬೈಕಿನ ವಿಷಯ. ಹಗುರ ಅಂದರೆ ಹಗುರ. ಎಲ್ಲ ಸೇರಿ 70 ಕೆಜಿಯ ಆಸುಪಾಸು. ಬಿದ್ದರೆ ಒಬ್ಬನೇ ಎತ್ತಬಹುದು. ಓಲಿನ್ಸ್ ಸಸ್ಪೆನ್ಷನ್ ಕಲ್ಲಿನ ಮೇಲೆ ಹೋಗುವಾಗ ಕೈಗೆ ಏಟೇ ಕೊಡುವುದಿಲ್ಲ. ಕ್ಲಚ್ ಇಲ್ಲ, ಗೇರ್ ಇಲ್ಲ. ಎಕ್ಸ್‌ಪ್ಲೋರ್, ಎಕ್ಸೈಟ್, ಎಕ್ಸೆಲ್ ಅಂತ ಮೂರು ಮೋಡ್. ನಾನು ಹೆಚ್ಚಾಗಿ ನಡುವಿನದರಲ್ಲೇ ಇರುತ್ತೇನೆ. ಟ್ರ್ಯಾಕಿನಲ್ಲಿ 50 ನಿಮಿಷ ಬರುತ್ತದೆ, ಚಳಿಯಲ್ಲಿ 35.

ಟ್ರ್ಯಾಕು ಅಂದೆ. ಸ್ವೀಡನ್ನಿನಲ್ಲಿ ಕಾಡು ಇದೆ ಅಂತ ನುಗ್ಗುವ ಹಾಗಿಲ್ಲ. 1975ರ ಕಾನೂನಿನ ಪ್ರಕಾರ ಹಿಮವಿಲ್ಲದ ನೆಲದ ಮೇಲೆ ಮೋಜಿಗಾಗಿ ಮೋಟಾರು ಗಾಡಿ ಓಡಿಸುವುದಕ್ಕೆ ನಿಷೇಧ. ಓಆರ್ ಮಾಡೆಲ್ ರಸ್ತೆಗೂ ಇಳಿಯುವಂತಿಲ್ಲ. ನಾನು ಒಂದು ಮೋಟೋಕ್ರಾಸ್ ಕ್ಲಬ್ಬಿನ ಸದಸ್ಯನಾಗಿದ್ದೇನೆ, ಅಲ್ಲೇ ಓಡಿಸುವುದು. ಕೊಳ್ಳುವ ಮೊದಲು ಇದನ್ನು ಯೋಚಿಸಿ.

ಚಳಿಗಾಲ ಈ ಬ್ಯಾಟರಿಗೆ ದೊಡ್ಡ ಪರೀಕ್ಷೆ. ಸೆಲ್ಲಿನ ಒಳಗೆ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಅದು ಸರಿಹೋಗುವ ಹಾನಿಯಲ್ಲ. ಹಾಗಾಗಿ ಟ್ರ್ಯಾಕಿನಿಂದ ಬಂದ ತಕ್ಷಣ ಪ್ಲಗ್ ಹಾಕುವುದಿಲ್ಲ. ಬ್ಯಾಟರಿಯನ್ನು ಒಳಗೆ ತಂದು ನಾಲ್ಕೈದು ಗಂಟೆ ಬಿಟ್ಟು ಆಮೇಲೆ ಹಾಕುತ್ತೇನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಓಡಿಸುವುದಿಲ್ಲ. ಆಗ ಅರ್ಧದಷ್ಟು ತುಂಬಿಸಿ, 52.5 ವೋಲ್ಟಿನ ಸುಮಾರಿಗೆ ಇಟ್ಟು, ತಿಂಗಳಿಗೊಮ್ಮೆ ಮೀಟರ್ ಹಿಡಿಯುತ್ತೇನೆ. ಹಿಂದಿನ ಮಾಲೀಕರು ಇದೊಂದನ್ನು ಮಾಡಿದ್ದರೆ ನನಗೆ ಈ ಬೈಕು ಸಿಗುತ್ತಲೇ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಗೆಳೆಯನೊಬ್ಬ ಆಲ್ಟಾ ಕಂಪನಿಯ ರೆಡ್‌ಶಿಫ್ಟ್ ಅನ್ನುವ ಎಲೆಕ್ಟ್ರಿಕ್ ಬೈಕು ನೋಡಿಟ್ಟಿದ್ದಾನೆ. ಆ ಕಂಪನಿ 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ನಿನ್ನ ಹಾಗೆಯೇ ಎಬ್ಬಿಸಬಹುದಾ ಅಂತ ಕೇಳಿದ. ನಾನು ಬೇಡ ಅಂದೆ. ಅದರ ಬ್ಯಾಟರಿ 5.8 ಯೂನಿಟ್, 350 ವೋಲ್ಟ್. ನನ್ನ ಬ್ಯಾಟರಿ ತುಂಬಿದಾಗಲೂ 60 ದಾಟುವುದಿಲ್ಲ. 350 ವೋಲ್ಟ್ ಡಿಸಿ ಒಂದೇ ತಪ್ಪಿಗೆ ಜೀವ ತೆಗೆಯಬಹುದು. ಚಾರ್ಜ್ ಆಗುತ್ತಿರುವುದನ್ನು ಕಣ್ಣಾರೆ ನೋಡಿ, ಚಾರ್ಜರ್ ಸಮೇತ ಸಿಕ್ಕರೆ ಮಾತ್ರ ತಗೋ ಅಂದೆ.

ಚಾರ್ಜರ್ ಸಮೇತ ಅನ್ನುವ ಮಾತನ್ನು ಒತ್ತಿ ಹೇಳುತ್ತೇನೆ. ಯೆಜ್ಡಿಗೆ ಯಾವ ಬಂಕಿನ ಪೆಟ್ರೋಲ್ ಆದರೂ ನಡೆಯುತ್ತದೆ. ಈ ಬೈಕಿಗೆ ತನ್ನ ಚಾರ್ಜರ್ ಜೊತೆ ಮಾತ್ರ ಮಾತು. ಚೈನು, ಟೈರು, ಬ್ರೇಕ್ ಪ್ಯಾಡು ಹೇಗೋ ಸಿಗುತ್ತವೆ. ಚಾರ್ಜರ್ ಕೆಟ್ಟರೆ ಅಂಗಡಿಯಿಂದ ಇನ್ನೊಂದು 58.8 ವೋಲ್ಟಿನದು ತಂದು ಚುಚ್ಚಿದರೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ಎರಡನೆಯ ಚಾರ್ಜರ್‌ಗಾಗಿ ನಾನು ಈಗಲೂ ಹುಡುಕುತ್ತಿದ್ದೇನೆ. ಎಲ್ಲಾದರೂ ಕಂಡರೆ ತಿಳಿಸಿ. ಪಿನ್ನು ಕಿಲುಬು ಹಿಡಿದಿದ್ದರೂ ಪರವಾಗಿಲ್ಲ.