ಖಾಲಿ ನಾನ್‌ಸ್ಟಿಕ್ ಪ್ಯಾನ್ ಒಲೆ ಮೇಲಿಟ್ಟು ಆಚೆ ಹೋಗಬೇಡಿ: ನಮ್ಮ ಮನೆಯಲ್ಲಿ ಆಗಿದ್ದು

ನಮ್ಮ ಮನೆಯಲ್ಲಿ ಎರಡು ಪುಟ್ಟ ಹಕ್ಕಿಗಳಿದ್ದವು. ಎಲ್ಲರೂ ಲವ್ ಬರ್ಡ್ಸ್ ಅಂತ ಕರೀತಾರಲ್ವಾ, ಆ ಬಜರಿಗರ್ ಜಾತಿಯವು. ಒಂದು ಹಸಿರು, ಒಂದು ನೀಲಿ. ಎರಡೂ ಒಂದೇ ದಿನ, ಒಂದು ಗಂಟೆಯೊಳಗೆ ಸತ್ತುಹೋದವು. ಅವಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ನಾನು ಒಲೆ ಮೇಲೆ ಮರೆತ ಒಂದು ಖಾಲಿ ಪ್ಯಾನ್ ಅವುಗಳನ್ನು ಕೊಂದಿತು.

ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ದಿನದವರೆಗೆ ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಗೊತ್ತಿರುವವರನ್ನೆಲ್ಲ ಕೇಳಿದೆ. ಅವರಲ್ಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಪ್ಯಾನ್ ತೊಳೆದಿದ್ದೆ. ಬಟ್ಟೆಯಲ್ಲಿ ಒರೆಸುವ ಬದಲು ಒಲೆ ಹಚ್ಚಿ ಅದರ ಮೇಲಿಟ್ಟೆ, ಅರ್ಧ ನಿಮಿಷದಲ್ಲಿ ಒಣಗಿಬಿಡುತ್ತದೆ ಅಂತ. ಉರಿ ದೊಡ್ಡದಿತ್ತು. ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಾ ಒಳಗಿನ ಕೋಣೆಗೆ ಹೋದೆ. ಹನ್ನೆರಡು ನಿಮಿಷ ಮಾತಾಡಿದ್ದೆ ಅಂತ ಆಮೇಲೆ ಫೋನಿನಲ್ಲೇ ನೋಡಿದೆ.

ವಾಪಸ್ ಬಂದಾಗ ಅಡುಗೆಮನೆಯಲ್ಲಿ ದಟ್ಟ ಹೊಗೆಯೇನೂ ಇರಲಿಲ್ಲ. ತೆಳ್ಳಗೆ ಮಂಜಿನ ಹಾಗೆ ಏನೋ ಹರಡಿತ್ತು, ಅಷ್ಟೇ. ಪ್ಲಾಸ್ಟಿಕ್ ಕಾದ ಹಾಗೆ ಕಟುವಾದ ವಾಸನೆ. ಪ್ಯಾನಿನ ಮಧ್ಯಭಾಗದ ಕಪ್ಪು ಬಣ್ಣ ಹೊಳಪು ಕಳೆದುಕೊಂಡು ಬೂದಿಯ ಹಾಗೆ ಮಂಕಾಗಿತ್ತು. ಒಲೆ ಆರಿಸಿದೆ. ಕಿಟಕಿ ತೆರೆದೆ. ಪ್ಯಾನನ್ನು ಸಿಂಕಿನಲ್ಲಿಟ್ಟೆ. ಒಂದು ಪ್ಯಾನ್ ಹಾಳಾಯಿತಲ್ಲ ಅನ್ನುವುದಷ್ಟೇ ಆಗ ಇದ್ದ ಬೇಜಾರು.

ಪಂಜರ ಪಕ್ಕದ ಕೋಣೆಯಲ್ಲಿತ್ತು. ಮಧ್ಯೆ ಬಾಗಿಲು ತೆರೆದೇ ಇತ್ತು. ಮಗಳು ಅಲ್ಲಿಂದ ಕೂಗಿದಳು: "ಅಮ್ಮಾ, ನೀಲಿ ಯಾಕೆ ಕೆಳಗೆ ಕೂತಿದೆ?"

ನೀಲಿ ಹಕ್ಕಿ ಪಂಜರದ ತಳದಲ್ಲಿ ಮೈಯನ್ನೆಲ್ಲ ಉಬ್ಬಿಸಿಕೊಂಡು ಬಿದ್ದಿತ್ತು. ಕೊಕ್ಕು ತೆರೆದೇ ಇತ್ತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಹಸಿರು ಹಕ್ಕಿ ಇನ್ನೂ ಕೋಲಿನ ಮೇಲೆ ಕೂತಿತ್ತು, ಆದರೆ ತೂಗಾಡುತ್ತಿತ್ತು. ಪಂಜರ ಎತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆವು. ದಾರಿಯಲ್ಲೇ ನೀಲಿ ಹೋಯಿತು. ಹಸಿರು ಹಕ್ಕಿಗೆ ಆಕ್ಸಿಜನ್ ಕೊಟ್ಟರು, ಉಳಿಯಲಿಲ್ಲ.

ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ ಇದು: "ಮನೆಯಲ್ಲಿ ಇವತ್ತು ನಾನ್‌ಸ್ಟಿಕ್ ಪಾತ್ರೆ ಏನಾದರೂ ಕಾದು ಸುಟ್ಟಿತ್ತಾ ಮೇಡಂ?"

ನನಗೆ ಕಾಲಿನ ಕೆಳಗೆ ನೆಲ ಕುಸಿದ ಹಾಗಾಯಿತು. ಪಾತ್ರೆಗೂ ಹಕ್ಕಿಗೂ ಏನು ಸಂಬಂಧ ಅಂತ ಕೇಳಿದೆ. ಆಗ ಅವರು ಬಿಡಿಸಿ ಹೇಳಿದರು.

ನಾನ್‌ಸ್ಟಿಕ್ ಪಾತ್ರೆಗಳ ಮೇಲಿನ ಕೋಟಿಂಗ್ ಸಾಮಾನ್ಯವಾಗಿ ಪಿಟಿಎಫ್‌ಇ ಅನ್ನುವ ವಸ್ತು. ಟೆಫ್ಲಾನ್ ಅಂದರೆ ನಮಗೆಲ್ಲ ಗೊತ್ತಾಗುತ್ತದೆ. 1938ರಲ್ಲಿ ರಾಯ್ ಪ್ಲಂಕೆಟ್ ಅನ್ನುವ ರಸಾಯನ ವಿಜ್ಞಾನಿ ಫ್ರಿಜ್ಜಿಗೆ ಬೇಕಾದ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಇದು ಆಕಸ್ಮಿಕವಾಗಿ ಸಿಕ್ಕಿತು. ಯಾವುದೂ ಇದಕ್ಕೆ ಅಂಟುವುದಿಲ್ಲ, ಸುಲಭಕ್ಕೆ ಯಾವುದರ ಜೊತೆಗೂ ಬೆರೆಯುವುದಿಲ್ಲ. ಸಾಮಾನ್ಯ ಅಡುಗೆಯ ಬಿಸಿಯಲ್ಲಿ ಇದು ಸುಮ್ನೆ ತನ್ನ ಪಾಡಿಗೆ ತಾನಿರುತ್ತದೆ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಾಳಾಗಲು ಶುರುವಾಗುತ್ತದೆ. 327 ಡಿಗ್ರಿಗೆ ಕರಗುತ್ತದೆ. 350 ದಾಟಿತೆಂದರೆ ಒಡೆದು ವಿಷಾನಿಲಗಳನ್ನೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನೂ ಬಿಡುತ್ತದೆ.

ಅಷ್ಟು ಬಿಸಿ ಮನೆಯ ಒಲೆಯಲ್ಲಿ ಎಲ್ಲಿ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಬರುತ್ತದೆ. ಪಾತ್ರೆಯಲ್ಲಿ ನೀರಿದ್ದರೆ ನೀರು ಆವಿಯಾಗುತ್ತಾ ಬಿಸಿಯನ್ನು 100 ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಎಣ್ಣೆಯಿದ್ದರೆ, ಬಹಳಷ್ಟು ಅಡುಗೆ ಎಣ್ಣೆಗಳು 200ರಿಂದ 230 ಡಿಗ್ರಿಯ ಸುಮಾರಿಗೆ ಹೊಗೆಯಾಡಲು ಶುರುಮಾಡಿ ನಮ್ಮನ್ನು ಎಚ್ಚರಿಸುತ್ತವೆ. ಖಾಲಿ ಪಾತ್ರೆಗೆ ಈ ತಡೆಯೂ ಇಲ್ಲ, ಈ ಎಚ್ಚರಿಕೆಯೂ ಇಲ್ಲ. ತೆಳು ಅಲ್ಯೂಮಿನಿಯಂ ಪ್ಯಾನ್ ದೊಡ್ಡ ಉರಿಯಲ್ಲಿ ಖಾಲಿ ಕೂತರೆ ಕೆಲವೇ ನಿಮಿಷಗಳಲ್ಲಿ ಅಪಾಯದ ಬಿಸಿ ಮುಟ್ಟುತ್ತದೆ. ನಾನು ಹನ್ನೆರಡು ನಿಮಿಷ ಬಿಟ್ಟಿದ್ದೆ.

ಹಕ್ಕಿಗಳೇ ಮೊದಲು ಯಾಕೆ ಸತ್ತವು? ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ನಮ್ಮಲ್ಲಿಯ ಹಾಗೆ ಹೋದ ದಾರಿಯಲ್ಲೇ ವಾಪಸ್ ಬರುವುದಿಲ್ಲ, ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಜೊತೆಗೆ ಗಾಳಿಚೀಲಗಳಿವೆ. ಹಾರುವುದಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಅದು ಹಾಗೆ ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ವಿಷವಿದ್ದರೆ ಅದನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಹಿಂದೆ ಕಲ್ಲಿದ್ದಲು ಗಣಿಗಳ ಒಳಗೆ ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದುದು ಇದಕ್ಕೇ: ವಿಷಾನಿಲ ಇದ್ದರೆ ಹಕ್ಕಿ ಮೊದಲು ಕುಸಿದು ಗಣಿಯವರನ್ನು ಎಚ್ಚರಿಸುತ್ತಿತ್ತು. ನಮ್ಮನೆಯಲ್ಲಿ ಆ ಕೆಲಸವನ್ನು ಈ ಎರಡು ಮಾಡಿದವು.

ಅಲ್ಲಿಗೆ ಮುಗಿಯಲಿಲ್ಲ. ಅವತ್ತು ರಾತ್ರಿ ನನಗೆ ಚಳಿ ಶುರುವಾಯಿತು. ಎರಡು ಹೊದಿಕೆ ಹೊದ್ದರೂ ನಡುಕ ನಿಲ್ಲಲಿಲ್ಲ. ಜ್ವರ, ತಲೆನೋವು, ಒಣ ಕೆಮ್ಮು. ಎದೆ ಬಿಗಿಹಿಡಿದ ಹಾಗೆ. ಅತ್ತು ಅತ್ತು ಹೀಗಾಗಿದೆ ಅಂದುಕೊಂಡೆ. ಬೆಳಿಗ್ಗೆ ಡಾಕ್ಟರಿಗೆ ನಡೆದಿದ್ದೆಲ್ಲ ಹೇಳಿದೆ. ಇದಕ್ಕೆ ಪಾಲಿಮರ್ ಫ್ಯೂಮ್ ಫೀವರ್ ಅನ್ನುತ್ತಾರಂತೆ. ಹೊಗೆ ಕುಡಿದ ಕೆಲವು ಗಂಟೆಗಳ ನಂತರ ಫ್ಲೂ ಥರ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನನಗೂ ಇಳಿಯಿತು. ಆದರೆ ಹೊಗೆ ತುಂಬಾ ಜಾಸ್ತಿ ಒಳಗೆ ಹೋದರೆ ಶ್ವಾಸಕೋಶಕ್ಕೆ ನೀರು ತುಂಬುವಷ್ಟು ಗಂಭೀರವಾಗಬಹುದು. ಇಂಥ ಜ್ವರವನ್ನು ಎಷ್ಟು ಜನ ಬರೀ ನೆಗಡಿ ಜ್ವರ ಅಂದುಕೊಂಡು ಮಲಗಿರಬಹುದು ಅಂತ ಈಗಲೂ ಯೋಚಿಸುತ್ತೇನೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಪ್ಯಾನಿನ ಮೇಲಿದ್ದ ಸ್ಟಿಕ್ಕರ್ ನೆನಪಾದಾಗ. "ಪಿಎಫ್‌ಒಎ ಮುಕ್ತ" ಅಂತ ಹಸಿರು ಅಕ್ಷರದಲ್ಲಿತ್ತು. ಅದನ್ನು ನೋಡಿಯೇ ಕೊಂಡಿದ್ದೆ. ವಿಷ ಇಲ್ಲ ಅಂತ ಅರ್ಥ ಮಾಡಿಕೊಂಡಿದ್ದೆ. ಸ್ಟಿಕ್ಕರ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದೇ ಬೇರೆ ವಿಷಯ. ಪಿಎಫ್‌ಒಎ ಅನ್ನುವುದು ಈ ಕೋಟಿಂಗ್ ತಯಾರಿಸುವಾಗ ಕಾರ್ಖಾನೆಯಲ್ಲಿ ಬಳಸುತ್ತಿದ್ದ ರಾಸಾಯನಿಕ. ಅದು ಮಣ್ಣಿನಲ್ಲಿ, ನೀರಿನಲ್ಲಿ, ಮನುಷ್ಯರ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದಲ್ಲಿ 2006ರಲ್ಲಿ ಎಂಟು ದೊಡ್ಡ ಕಂಪನಿಗಳು 2015ರೊಳಗೆ ಅದನ್ನು ಕೈಬಿಡಲು ಒಪ್ಪಿದವು. 2019ರಲ್ಲಿ ಅದು, ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ಅದು ಹೋಗಿದ್ದು ಒಳ್ಳೆಯದೇ. ಆದರೆ ಅದು ಇರಲಿ ಬಿಡಲಿ, ಪಿಟಿಎಫ್‌ಇ ಕೋಟಿಂಗ್ ಅತಿಯಾಗಿ ಕಾದರೆ ಹೊಗೆ ಬಿಟ್ಟೇ ಬಿಡುತ್ತದೆ. ಆ ಮಾತು ಸ್ಟಿಕ್ಕರಿನಲ್ಲಿ ಇರುವುದಿಲ್ಲ.

ಗೀರು ಬಿದ್ದ ನಾನ್‌ಸ್ಟಿಕ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕೋಟಿಂಗಿನ ಚೂರು ಹೊಟ್ಟೆಗೆ ಹೋದರೆ ಅದು ಜೀರ್ಣವಾಗದೆ ಹಾಗೇ ಆಚೆ ಹೋಗುತ್ತದೆ, ಅದಕ್ಕೆ ಅಷ್ಟು ಗಾಬರಿ ಬೇಡ. ಆದರೂ ಕೋಟಿಂಗ್ ಎದ್ದ ಪಾತ್ರೆಯನ್ನು ನಾನಾದರೆ ಇಟ್ಟುಕೊಳ್ಳುವುದಿಲ್ಲ. ಒಳಗಿನ ಅಲ್ಯೂಮಿನಿಯಂ ಬಯಲಾಗಿರುತ್ತದೆ, ಪದಾರ್ಥ ತಳ ಹಿಡಿಯುತ್ತದೆ, ಮತ್ತೆ ಉರಿ ಜಾಸ್ತಿ ಮಾಡುತ್ತೇವೆ. ನಾನ್‌ಸ್ಟಿಕ್ ಬಳಸಲೇಬೇಕು ಅನ್ನುವವರು ಮರದ ಸೌಟು ಬಳಸಿ. ಉರಿ ಸಣ್ಣ ಅಥವಾ ಮಧ್ಯಮ ಇರಲಿ. ಏನಾದರೂ ಹಾಕಿದ ಮೇಲೇ ಒಲೆ ಹಚ್ಚಿ.

ಆ ದುಃಖದಲ್ಲಿ ನಾನು ಇನ್ನೊಂದು ತಪ್ಪು ಮಾಡುವವಳಿದ್ದೆ. ಮನೆಯಲ್ಲಿದ್ದ ನಾನ್‌ಸ್ಟಿಕ್ ಎಲ್ಲ ಎಸೆದು, ಅಟ್ಟದ ಮೇಲಿದ್ದ ಹಳೆಯ ತಾಮ್ರದ ಪಾತ್ರೆ ಇಳಿಸಿದೆ. ಹಳೆಯದೇ ಒಳ್ಳೆಯದು ಅನ್ನುವ ಭಾವನೆ. ತಿಕ್ಕಿ ತೊಳೆದು ಟೊಮೆಟೊ ಹೆಚ್ಚುತ್ತಾ ಇದ್ದೆ. ಅತ್ತೆ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು. ತಳದ ಬೆಳ್ಳಗಿನ ಬಣ್ಣದ ನಡುವೆ ಅಲ್ಲಲ್ಲಿ ಕೆಂಪು ತೇಪೆಗಳು ಕಾಣುತ್ತಿದ್ದವು. "ಕಲಾಯಿ ಹೋಗಿದೆ ನೋಡು. ಇದರಲ್ಲಿ ಹುಳಿ ಹಾಕಬೇಡಮ್ಮಾ" ಅಂದರು.

ಅವರು ಹೇಳಿದ್ದು ಸರಿ. ತಾಮ್ರ ಮತ್ತು ಹಿತ್ತಾಳೆ ಹುಳಿ ತಗುಲಿದರೆ ಕರಗುತ್ತವೆ. ತಾಮ್ರ ಜಾಸ್ತಿ ಒಳಗೆ ಹೋದರೆ ವಾಕರಿಕೆ, ವಾಂತಿ, ಹೊಟ್ಟೆನೋವು. ಕಲಾಯಿ ಅಂದರೆ ಒಳಗೆ ಬಳಿದ ತವರದ ಪದರ, ತಡೆಗೋಡೆ ಇದ್ದ ಹಾಗೆ. ಆ ತವರವೂ 232 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಕಲಾಯಿ ಪಾತ್ರೆಯನ್ನೂ ಖಾಲಿ ಕಾಯಿಸಬಾರದು. ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಬಳಸುತ್ತಾರಾ ಅಂತ ಕೇಳಿ. ಅದರಲ್ಲಿ ಸೀಸ ಬೆರೆತಿದ್ದರೆ ಇದ್ದ ಪಾತ್ರೆಯೂ ಹಾಳು.

ಸೀಸದ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ನನ್ನ ಪ್ರಕಾರ ಅಡುಗೆಮನೆಯಲ್ಲಿ ಹೊಗೆಗಿಂತಲೂ ಮೋಸದ ಶತ್ರು ಇದು. ಹೊಗೆಗಾದರೂ ವಾಸನೆಯಿದೆ. ಸೀಸಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಗೊತ್ತಾಗುವುದಿಲ್ಲ. ಇಷ್ಟು ಸೀಸ ಹೋದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ವಾಪಸ್ ಸರಿಹೋಗುವುದಿಲ್ಲ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಕೆಲವು ಮಿಶ್ರಲೋಹದ ಆಮದು ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದು ಅಂತ ಅಂಗಡಿಯವರನ್ನೂ ಜನರನ್ನೂ ಎಚ್ಚರಿಸಿತ್ತು. ಚೆಂದದ ಮೆರುಗಿನ ಮಣ್ಣಿನ ಪಾತ್ರೆಗಳದ್ದೂ ಇದೇ ಕತೆ. ಹಳೆಯ ಮೆರುಗಿನಲ್ಲಿ ಸೀಸ, ಗಾಢ ಕೆಂಪು ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಲೋಹ ಇರಬಹುದು. ಯಾರು ಮಾಡಿದ್ದು, ಆಹಾರಕ್ಕೆ ಬಳಸಬಹುದಾ ಅಂತ ಗೊತ್ತಿಲ್ಲದ ಪಾತ್ರೆಯನ್ನು ಶೋಕೇಸಿನಲ್ಲಿಡಿ, ಒಲೆ ಮೇಲೆ ಬೇಡ.

ಅಲ್ಯೂಮಿನಿಯಂ ಬಗ್ಗೆ ಹೆದರಿಕೆ ಇದ್ದಿದ್ದಕ್ಕಿಂತ ದೊಡ್ಡದಾಗಿ ಹರಡಿದೆ. ಅದರಿಂದ ಮರೆವಿನ ಕಾಯಿಲೆ ಬರುತ್ತದೆ ಅನ್ನುವುದು ಸಾಬೀತಾಗಿಲ್ಲ. ಆದರೆ ಹುಳಿ ಮತ್ತು ಉಪ್ಪಿನ ಪದಾರ್ಥವನ್ನು ಅದರಲ್ಲಿ ಬೇಯಿಸಿ ಅದರಲ್ಲೇ ರಾತ್ರಿಯಿಡೀ ಬಿಟ್ಟರೆ ಲೋಹ ಇಳಿಯುತ್ತದೆ. ಆರೋಗ್ಯವಂತರ ಕಿಡ್ನಿ ಅದನ್ನು ಆಚೆ ಹಾಕುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಹಾಗಲ್ಲ. ಅಂಥವರು ಮನೆಯಲ್ಲಿದ್ದರೆ ಪಾತ್ರೆ ಬದಲಿಸುವುದೇ ಸರಿ.

ನಾನೀಗ ದಿನಬಳಕೆಗೆ ಇಟ್ಟುಕೊಂಡಿರುವುದು ದಪ್ಪ ತಳದ ಸ್ಟೀಲ್ ಪಾತ್ರೆಗಳು, ಒಂದು ಬೀಡು ಕಬ್ಬಿಣದ ಪ್ಯಾನ್. ಸ್ಟೀಲಿನ ಮೇಲೆ 18/8 ಅಂತ ಇದ್ದರೆ ನೂರರಲ್ಲಿ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಅಂತ. ನಿಕಲ್ ಅಲರ್ಜಿ ಇರುವವರು 18/0 ನೋಡಿ ತಗೊಳ್ಳಿ. ಸ್ಟೀಲಿಗೆ ಎಲ್ಲ ಅಂಟುತ್ತದೆ ಅನ್ನುವ ದೂರು ನನಗೂ ಇತ್ತು. ಪಾತ್ರೆ ಮಧ್ಯಮ ಉರಿಯಲ್ಲಿ ಕಾದ ಮೇಲೆ ಒಂದು ಹನಿ ನೀರು ಹಾಕಿ. ಅದು ಚುಂಯ್ ಅಂತ ಆರಿಹೋದರೆ ಇನ್ನೂ ಕಾಯಬೇಕು. ಮುತ್ತಿನ ಹಾಗೆ ಉರುಳಾಡಿದರೆ ಎಣ್ಣೆ ಹಾಕಿ, ಆಮೇಲೆ ಪದಾರ್ಥ. ಈ ಒಂದು ಅಭ್ಯಾಸದಿಂದ ನನ್ನ ದೂರು ಮುಕ್ಕಾಲು ಭಾಗ ಹೋಯಿತು.

ಬೀಡು ಕಬ್ಬಿಣವನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸಬೇಕು. ಪಳಗಿದ ಮೇಲೆ ಅದೂ ಅಂಟುವುದಿಲ್ಲ. ಅದರಿಂದ ಸ್ವಲ್ಪ ಕಬ್ಬಿಣದಂಶ ಅಡುಗೆಗೆ ಸೇರುತ್ತದೆ, ರಕ್ತ ಕಡಿಮೆ ಇರುವವರಿಗೆ ಒಳ್ಳೆಯದು. ದೇಹದಲ್ಲಿ ಕಬ್ಬಿಣ ಜಾಸ್ತಿ ಸೇರುವ ಕಾಯಿಲೆ ಇರುವವರಿಗೆ ಮಾತ್ರ ಬೇಡ. ಸೆರಾಮಿಕ್ ಕೋಟಿಂಗಿನ ಪ್ಯಾನ್‌ಗಳಲ್ಲಿ ಪಿಟಿಎಫ್‌ಇ ಇರುವುದಿಲ್ಲ, ಆದರೆ ಜಾರುವ ಗುಣ ಬೇಗ ಹೋಗುತ್ತದೆ.

ಹಕ್ಕಿ ಸಾಕಿದವರಿಗೆ ಇನ್ನೊಂದು ಮಾತು. ಈ ಕೋಟಿಂಗ್ ಪ್ಯಾನಿನಲ್ಲಿ ಮಾತ್ರ ಇರುವುದಿಲ್ಲ. ಕೆಲವು ಏರ್ ಫ್ರೈಯರ್, ಓವನ್, ಇಸ್ತ್ರಿ ಪೆಟ್ಟಿಗೆ, ರೂಮ್ ಹೀಟರ್, ಶಾಖ ಕೊಡುವ ಬಲ್ಬ್‌ಗಳ ಮೇಲೂ ಇರುತ್ತದೆ. ಕೊಳ್ಳುವ ಮೊದಲು ಕೇಳಿ.

ಮತ್ತೆ, ಯಾವತ್ತಾದರೂ ಪ್ಯಾನ್ ಸುಟ್ಟ ವಾಸನೆ ಬಂದರೆ ಒಲೆ ಆರಿಸಿ, ಮೊದಲು ಹಕ್ಕಿಯನ್ನು ಮನೆಯಿಂದ ಆಚೆ, ಬಯಲು ಗಾಳಿಗೆ ತನ್ನಿ. ಮಕ್ಕಳನ್ನೂ ಕರೆತನ್ನಿ. ಕಿಟಕಿ, ಬಾಗಿಲು, ಪ್ಯಾನ್ ಎಲ್ಲ ಆಮೇಲೆ. ನಾನು ಮೊದಲು ಕಿಟಕಿ ತೆರೆದೆ. ಪ್ಯಾನ್ ಸಿಂಕಿಗೆ ಹಾಕಿದೆ. ಮಗಳು ಕೂಗುವವರೆಗೆ ಪಂಜರ ನನಗೆ ನೆನಪೇ ಆಗಿರಲಿಲ್ಲ.