ಒಂದು ಗೂಬೆ, ಮೂರು ಅಂಗಿ: ಪೇಪರ್, ವಿನೈಲ್, ಡಿಟಿಎಫ್

ಮಗಳು ಬಿಡಿಸಿದ ಗೂಬೆ ಟೀ ಶರ್ಟ್ ಮೇಲೆ ಬರಲೇಬೇಕು ಅಂತ ಹಟ. ಸರಿ, ಮೂರು ಥರ ಮಾಡಿ ನೋಡಿದೆ. ಮನೆಯ ಇಂಕ್‌ಜೆಟ್ ಪ್ರಿಂಟರ್‌ಗೆ ಹಾಕುವ ಟ್ರಾನ್ಸ್‌ಫರ್ ಪೇಪರ್ ಬಿಳಿ ಅಂಗಿಗೆ, ಕತ್ತರಿಸಿ ಬಿಸಿಯಲ್ಲಿ ಅಂಟಿಸುವ ವಿನೈಲ್ (ಬಣ್ಣದ ಪ್ಲಾಸ್ಟಿಕ್ ಹಾಳೆ) ಬೂದು ಬಣ್ಣದ್ದಕ್ಕೆ, ಪ್ರಿಂಟ್ ಮಾಡಿಸಿ ತಂದ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಲ್ಲಿ ಬಟ್ಟೆಗೆ ಇಳಿಸುವ) ಹಾಳೆ ಕಪ್ಪು ಅಂಗಿಗೆ. ಮೂರೂ ಕಾಟನ್. ಹೀಟ್ ಪ್ರೆಸ್ ನನ್ನ ಹತ್ತಿರ ಇಲ್ಲ, ಇಸ್ತ್ರಿ ಪೆಟ್ಟಿಗೆಯೇ ಗತಿ. ಒಂದೊಂದನ್ನೂ 20 ಸಲ ಒಗೆದ ಮೇಲೆ ಬರೆಯುತ್ತಿದ್ದೇನೆ.

ಪೇಪರ್ ಸುಲಭ ಅಂದುಕೊಂಡಿದ್ದೆ. ಗೂಬೆಯ ಕೆಳಗೆ 'ಗೂಬಕ್ಕ' ಅಂತ ಬರೆದಿದ್ದಳು. ತಿಳಿ ಬಣ್ಣದ ಬಟ್ಟೆಯ ಪೇಪರ್‌ಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ಕೊಡಬೇಕು. ಮರೆತೆ. ಅಕ್ಷರ ಉಲ್ಟಾ ಬಂದು ಒಂದು ಹಾಳೆ ದಂಡ. (ಗಾಢ ಬಣ್ಣದ ಬಟ್ಟೆಯ ಪೇಪರ್‌ಗೆ ತಿರುಗಿಸಬಾರದು. ಅದನ್ನು ಮುಖ ಮೇಲೆ ಮಾಡಿಯೇ ಇಡುವುದು.) ಇನ್ನೊಂದು ರಗಳೆ, ಪೇಪರ್‌ನ ಪೊರೆ ಚಿತ್ರವಿಲ್ಲದ ಜಾಗಕ್ಕೂ ಅಂಟುತ್ತದೆ. ಗೂಬೆಯ ಅಂಚಿಗೇ ಕತ್ತರಿ ಆಡಿಸದಿದ್ದರೆ ಸುತ್ತ ಒಂದು ಮಾಸಲು ಚೌಕ ಕಾಣುತ್ತದೆ. ಆರನೇ ಒಗೆತಕ್ಕೆ ಹೊಟ್ಟೆಯ ಮೇಲೆ ಸಣ್ಣ ಬಿರುಕು, ಹತ್ತರ ಹೊತ್ತಿಗೆ ಬಣ್ಣ ಅರ್ಧ.

ವಿನೈಲ್‌ನಲ್ಲಿ ಬಣ್ಣಕ್ಕೊಂದು ಹಾಳೆ. ಆರು ಬಣ್ಣದ ಗೂಬೆಯನ್ನು ಎರಡಕ್ಕೆ ಇಳಿಸಿದೆ. ಬೇಡದ ಚೂರುಗಳನ್ನು ಸೂಜಿಯಲ್ಲಿ ಎಬ್ಬಿಸುವಾಗ ಗರಿಗಳ ತೆಳು ಗೆರೆಯೂ ಕಿತ್ತು ಬಂತು, ಕೊನೆಗೆ ಗರಿಗಳನ್ನೇ ಬಿಟ್ಟೆ. ಆದರೆ ಅಂಟಿದ್ದು ಗಟ್ಟಿ. 20 ಒಗೆತ ಕಳೆದರೂ ಬಣ್ಣ ಹಾಗೇ ಇದೆ. ಬಾಲದ ಹತ್ತಿರ ಮಾತ್ರ ಅಂಚು ಎದ್ದಿತ್ತು. ನೋಡಿದರೆ, ಅಲ್ಲಿ ಇಸ್ತ್ರಿ ಪೆಟ್ಟಿಗೆಯ ಹಬೆ ತೂತು ಕೂತಿತ್ತು. ತೂತಿನ ಕೆಳಗೆ ಬಿಸಿಯೂ ಇಲ್ಲ, ಒತ್ತಡವೂ ಇಲ್ಲ. ಬಟರ್ ಪೇಪರ್ ಇಟ್ಟು, ಪೆಟ್ಟಿಗೆ ಸ್ವಲ್ಪ ಸರಿಸಿ 15 ಸೆಕೆಂಡ್ ಒತ್ತಿದೆ, ಕೂತುಕೊಂಡಿತು.

ಈ ಕೆಲಸಕ್ಕೆ ಮೆತ್ತನೆಯ ಇಸ್ತ್ರಿ ಬೋರ್ಡ್ ಬೇಡ. ಗಟ್ಟಿ ಮೇಜು, ಮೇಲೊಂದು ತೆಳು ಬಟ್ಟೆ ಸಾಕು. ಹಬೆ ಪೂರ್ತಿ ಬಂದ್. ಮೊದಲು ಬರೀ ಅಂಗಿಗೆ ಐದು ಸೆಕೆಂಡ್ ಬಿಸಿ ಕೊಟ್ಟರೆ ತೇವ ಹೋಗುತ್ತದೆ. ವಿನೈಲ್, ಡಿಟಿಎಫ್‌ಗೆ ಸುಮಾರು 150 ಡಿಗ್ರಿ ಸಾಕಾಗುತ್ತದೆ. ಪೆಟ್ಟಿಗೆಯನ್ನು ಉಜ್ಜಬಾರದು. ಒತ್ತಬೇಕು, ಎತ್ತಬೇಕು, ಪಕ್ಕದಲ್ಲಿ ಇಡಬೇಕು. ಮೈಭಾರ ಬಿಟ್ಟು ಒತ್ತಿ, ಕೈ ನೋಯುತ್ತದೆ, ಏನೂ ಮಾಡೋಕಾಗಲ್ಲ.

ಡಿಟಿಎಫ್‌ನಲ್ಲಿ ಆರೂ ಬಣ್ಣ, ಗರಿಗಳೂ ಬಂದವು. ಬಣ್ಣಕ್ಕೆ ಬಿಳಿ ಇಂಕಿನ ಹಾಸು ಇರುವುದರಿಂದ ಕಪ್ಪು ಬಟ್ಟೆಯ ಮೇಲೂ ಎದ್ದು ಕಾಣುತ್ತದೆ. ಇಲ್ಲಿ ನನ್ನ ಅವಸರ ಕೆಡಿಸಿತು. ಬಿಸಿ ಇರುವಾಗಲೇ ಫಿಲ್ಮ್ ಎಳೆದೆ, ರೆಕ್ಕೆಯ ತುದಿ ಅದರ ಜೊತೆಗೇ ಬಂತು. ನಾನು ತಂದದ್ದು ಆರಿದ ಮೇಲೆ ಕೀಳುವ ಫಿಲ್ಮ್. ಬಿಸಿಯಲ್ಲೇ ಕೀಳುವವೂ ಇವೆ, ಕೊಳ್ಳುವಾಗ ಕೇಳಿಕೊಳ್ಳಿ. ಕಿತ್ತ ಮೇಲೆ ಬಟರ್ ಪೇಪರ್ ಇಟ್ಟು ಇನ್ನೊಮ್ಮೆ ಒತ್ತಿದರೆ ಪ್ಲಾಸ್ಟಿಕ್ ಹೊಳಪು ಇಳಿಯುತ್ತದೆ.

ಸೈಜಲ್ಲೂ ಎಡವಿದ್ದು ಇದರಲ್ಲೇ. ಡಿಟಿಎಫ್ ಅಂಗಿ ನನಗೇ ಅಂತ 28 ಸೆಂಟಿಮೀಟರ್ ಅಗಲ, ಹಿಂದೆ ತುಂಬು ನೀಲಿ ಆಕಾಶ ಹಾಕಿಸಿದ್ದೆ. ಹಾಕಿಕೊಂಡರೆ ಎದೆಗೆ ರೆಕ್ಸಿನ್ ಕಟ್ಟಿದ ಹಾಗೆ, ಒಳಗೆಲ್ಲ ಬೆವರು. ಎರಡನೇ ಸಲ ಆಕಾಶ ತೆಗೆಸಿ 24ಕ್ಕೆ ಇಳಿಸಿದೆ, ಹಾಯಾಗಿದೆ. ಮಗಳ ಅಂಗಿಗಳಿಗೆ 17 ಸರಿಹೋಯಿತು. ಜೇಬಿನ ಜಾಗದ ಸಣ್ಣ ಚಿತ್ರಕ್ಕೆ 9 ಸಾಕು. ಮೊದಲು ಹಳೇ ಪೇಪರನ್ನು ಅದೇ ಅಳತೆಗೆ ಕತ್ತರಿಸಿ, ಅಂಗಿ ಹಾಕಿಕೊಂಡು, ಎದೆಗೆ ಅಂಟಿಸಿ ಕನ್ನಡಿ ಮುಂದೆ ನಿಂತು ನೋಡಿ. ದೊಡ್ಡವರಿಗೆ ಕಾಲರ್‌ನಿಂದ ನಾಲ್ಕು ಬೆರಳು ಕೆಳಗೆ, ಮಕ್ಕಳಿಗೆ ಎರಡೂವರೆ.

ಒಗೆತದ ವಿಷಯ ಮೂರಕ್ಕೂ ಒಂದೇ. ಮೊದಲ 24 ಗಂಟೆ ನೀರು ಸೋಕಿಸಬೇಡಿ. ಆಮೇಲೆ ಉಲ್ಟಾ ಮಾಡಿ ತಣ್ಣೀರಲ್ಲಿ ಒಗೆಯಿರಿ, ಬ್ರಶ್ ಬೇಡ, ಚಿತ್ರದ ಜಾಗ ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಇಸ್ತ್ರಿಯೂ ಉಲ್ಟಾನೇ. ಪೇಪರ್ ಅಂಗಿಗೆ ಮರೆತು ನೇರವಾಗಿ ಪೆಟ್ಟಿಗೆ ಇಟ್ಟಾಗ ಗೂಬಕ್ಕನ ಒಂದು ಕಣ್ಣು ಪೆಟ್ಟಿಗೆಗೆ ಅಂಟಿಕೊಂಡು ಬಂತು.

ಈಗ ಬಣ್ಣದ ಚಿತ್ರ ಅಂದರೆ ಡಿಟಿಎಫ್, ಹೆಸರು ನಂಬರ್ ಅಂದರೆ ವಿನೈಲ್. ಪೇಪರ್ ಇನ್ನೂ ನಾಲ್ಕು ಹಾಳೆ ಉಳಿದಿದೆ. ಅಪರೂಪಕ್ಕೆ ಒಗೆಯುವ ಬಟ್ಟೆ ಚೀಲಗಳಿಗೆ ಹಾಕಿ ಮುಗಿಸಬೇಕು.